ಬೆಣ್ಣೆ ಬನ್ನಿನ ಗುಟ್ಟು

ಬೇಕರಿ ಯಜಮಾನರಿಗೆ ಎಪ್ಪತ್ತೊಂದು ವರ್ಷ. ಹುಟ್ಟಿದಾಗಿನಿಂದ ಒಂದೇ ಒಂದು ಮಾತ್ರೆ ನುಂಗಿದವನಲ್ಲ ತಾನು ಎಂಬುದು ಅವರ ದೊಡ್ಡ ಹೆಮ್ಮೆ. ಬ್ರೆಡ್ಡಿಗೆಂದು ಅಂಗಡಿಗೆ ಬಂದವರು ಬ್ರೆಡ್ಡಿನ ಜೊತೆ ಈ ಮಾತನ್ನೂ ಕಟ್ಟಿಸಿಕೊಂಡೇ ಹೋಗಬೇಕಿತ್ತು.

"ನೋಡಿ ಈ ಬೆರಳು," ಎಂದು ಹಿಟ್ಟು ಮೆತ್ತಿದ ಕೈಯನ್ನು ಗಿರಾಕಿಯ ಮೂಗಿನ ತನಕ ಒಯ್ಯುತ್ತಿದ್ದರು. "ಈಗ್ಲೂ ಮೂವತ್ತು ಕೆಜಿ ಹಿಟ್ಟು ನಾದ್ತೀನಿ. ನನ್ನ ಜೊತೆ ಓದಿದೋರಲ್ಲಿ ಅರ್ಧ ಜನ ಮಾತ್ರೆ ಡಬ್ಬಿ ಇಟ್ಕೊಂಡು ಓಡಾಡ್ತಿದಾರೆ. ಇನ್ನರ್ಧ ಜನ ಓಡಾಡೋದನ್ನೇ ಬಿಟ್ಟಿದಾರೆ. ನಂಗೇನಾಗಿದೆ? ಗುಂಡುಕಲ್ಲು!"

ಗಾಜಿನ ಕಪಾಟಿನ ಹಿಂದೆ ಬಿಸ್ಕತ್ತು ಜೋಡಿಸುತ್ತಿದ್ದ ಅವರ ಹೆಂಡತಿ, ಊರಿನವರ ಬಾಯಲ್ಲಿ ಬೇಕರಿಯಮ್ಮ, ಆಗ ಮಾತ್ರ ತಲೆ ಎತ್ತುತ್ತಿರಲಿಲ್ಲ. ಬಿಸ್ಕತ್ತನ್ನು ಇಷ್ಟು ಶ್ರದ್ಧೆಯಿಂದ ಜೋಡಿಸುವ ಹೆಂಗಸು ಇನ್ನೊಬ್ಬಳಿಲ್ಲ ಎಂದು ಗಿರಾಕಿಗಳು ಅಂದುಕೊಳ್ಳುತ್ತಿದ್ದರು. ತಲೆ ಎತ್ತಿದರೆ ನಗು ಬಂದುಬಿಡುತ್ತದೆ ಎಂಬ ಭಯ ಆಕೆಗೆ ಎಂದು ಯಾರಿಗೆ ಗೊತ್ತು?

ಯಾಕೆಂದರೆ ಯಜಮಾನರು ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಮಾತ್ರೆ ತಿನ್ನುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಹನ್ನೊಂದು ವರ್ಷದ ಹಿಂದೆ ಅವರ ಬೆರಳಿನ ಗಂಟುಗಳೆಲ್ಲ ಬಾತುಕೊಂಡಿದ್ದವು. ಹೊತ್ತು ಮೀರಿ ಉಬ್ಬಿದ ಹಿಟ್ಟಿನ ಹಾಗೆ. ನಾದುವುದಿರಲಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಹೆಂಡತಿ ಬೇಕು. ಡಾಕ್ಟರು ಹದಿನೈದು ದಿನಕ್ಕೆಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಯಜಮಾನರು ಅದನ್ನು ಕಸದ ಬುಟ್ಟಿಗೆ ಎಸೆದರು. ಬೇಕರಿಯಮ್ಮ ಎತ್ತಿಕೊಂಡಳು. ಮರುದಿನ ಬೆಳಿಗ್ಗೆ ಮೊದಲ ಟ್ರೇ ಭಟ್ಟಿಯಿಂದ ಹೊರಬಂದಾಗ ಎಲ್ಲಕ್ಕಿಂತ ಚಿಕ್ಕ ಬನ್ನನ್ನು ಆರಿಸಿ, ಹೊಟ್ಟೆ ಸೀಳಿ, ಬೆಣ್ಣೆ ಸವರಿ, ಮೇಲೆ ಸಕ್ಕರೆ ಉದುರಿಸಿ, ಸಕ್ಕರೆಯ ಜೊತೆ ಚಮಚದ ಬೆನ್ನಿನಲ್ಲಿ ಅರೆದ ಮಾತ್ರೆಯ ಪುಡಿಯನ್ನೂ ಉದುರಿಸಿದಳು. ಯಜಮಾನರು ತಿಂದು, "ಇವತ್ತು ಸಕ್ಕರೆ ಸ್ವಲ್ಪ ಕಹಿ ಕಣೇ," ಎಂದರು. "ಹೊಸ ಮೂಟೆ," ಎಂದಳು ಆಕೆ.

ಮೂರನೆಯ ದಿನಕ್ಕೆ ಅವರು ಮೈದಾ ಮೂಟೆಯನ್ನು ತಾವೇ ಎತ್ತಿದರು. ನಾಲ್ಕನೆಯ ದಿನ ಏಣಿ ಹತ್ತಿ ಮನೆಯ ಸೂರು ರಿಪೇರಿ ಮಾಡಿದರು. ಕೂತಲ್ಲಿ ಏಳು ಬನ್ನು ತಿಂದರು, ಹಾಡು ಗುನುಗಿದರು, ನಿದ್ದೆಯೇ ಬರುತ್ತಿಲ್ಲವೆಂದು ಎದ್ದು ಸೈಕಲ್ಲಿಗೆ ಎಣ್ಣೆ ಬಿಟ್ಟರು. "ನೋಡಿದ್ಯಾ? ತಾನಾಗೇ ಬಂತು, ತಾನಾಗೇ ಹೋಯ್ತು!" ಹದಿನೈದು ದಿನ ಮುಗಿದು ಮಾತ್ರೆ ನಿಂತಿತು. ವಾರದೊಳಗೆ ಅವರು ಮತ್ತೆ ಹಾಸಿಗೆ ಹಿಡಿದರು. ಆಕೆ ಸದ್ದಿಲ್ಲದೆ ಹೋಗಿ ಇನ್ನೊಂದು ಮಾತ್ರೆ ಪಟ್ಟಿ ತಂದಳು. ಔಷಧಿ ಅಂಗಡಿಯವನು ಮೊದಮೊದಲು, "ಅಕ್ಕಾ, ಇದನ್ನ ಶುರು ಮಾಡೋದು ಸುಲಭ. ಒಮ್ಮೆಲೇ ನಿಲ್ಲಿಸಿಬಿಟ್ರೆ ಎಡವಟ್ಟಾಗುತ್ತೆ. ಡಾಕ್ಟರಿಗೆ ತೋರಿಸಿ," ಎನ್ನುತ್ತಿದ್ದ. "ತೋರಿಸ್ತೀನಪ್ಪಾ," ಎನ್ನುತ್ತಿದ್ದಳು. ಹೀಗೆ ಹೇಳುತ್ತಾ ಹೇಳುತ್ತಾ ಹನ್ನೊಂದು ವರ್ಷ ಕಳೆದುಹೋಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮುರಿದದ್ದು ಯಜಮಾನರ ತೊಡೆಯ ಮೂಳೆ. ಉಗ್ರಾಣದ ಮೆಟ್ಟಿಲಲ್ಲಿ ಮೂಟೆ ಹೊತ್ತು ಇಳಿಯುವಾಗ ಕಾಲು ಜಾರಿತು. ಯಜಮಾನರು ಕೆಳಗೆ, ಮೂಟೆ ಮೇಲೆ. ಮೂಟೆ ಒಡೆದು ಅವರು ತಲೆಯಿಂದ ಕಾಲಿನ ತನಕ ಬೆಳ್ಳಗಾಗಿದ್ದರು. ಎರಡು ಪಕ್ಕೆಲುಬೂ ಮುರಿದಿದ್ದವು. ಆಸ್ಪತ್ರೆಯ ಸ್ಟ್ರೆಚರಿನ ಮೇಲೆ ಅಷ್ಟು ನೋವಿನಲ್ಲೂ, ಡಾಕ್ಟರಮ್ಮ "ಇವರು ಯಾವುದಾದ್ರೂ ಮಾತ್ರೆ ತಗೊಳ್ತಿದಾರಾ?" ಎಂದು ಕೇಳಿದ್ದೇ ತಡ, ಅವರೇ ಗುಡುಗಿದರು: "ಎಪ್ಪತ್ತೊಂದು ವರ್ಷ! ಒಂದು ಮಾತ್ರೆ ಮುಟ್ಟಿಲ್ಲ!"

ಮಗ ತಲೆಯಾಡಿಸಿದ. ಸೊಸೆ ತಲೆಯಾಡಿಸಿದಳು. ಬೇಕರಿಯಮ್ಮನ ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಗಂಡ ಎಚ್ಚರವಾಗಿ ಮಲಗಿರುವಾಗ ಅವರ ತಲೆಯ ಬಳಿಯೇ ನಿಂತು "ಇಲ್ಲ, ತಿಂದಿದಾರೆ" ಎನ್ನುವುದು ಹೇಗೆ? ಆಕೆಯೂ ತಲೆಯಾಡಿಸಿದಳು. ಡಾಕ್ಟರಮ್ಮ ಬರೆದುಕೊಂಡರು.

ಆದರೆ ಅಂಗಡಿಯವನ ಮಾತು ಆಕೆಗೆ ಮರೆತಿರಲಿಲ್ಲ. ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಬಾರದು ತಾನೇ? ನಿಲ್ಲಿಸದಿದ್ದರಾಯಿತು.

ಆಪರೇಷನ್ ಆದ ಮರುದಿನ ಬೆಳಿಗ್ಗೆಯೇ ಬಟ್ಟೆಯಲ್ಲಿ ಬನ್ನು ಸುತ್ತಿಕೊಂಡು ಐಸಿಯು ಬಾಗಿಲಿಗೆ ಬಂದಳು. ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದ. ಐವತ್ತು ದಾಟಿದವನು, ಮುಖದಲ್ಲಿ ಸದಾ ಹುಳಿ. ಎರಡೂ ಮಂಡಿ ಹಾಳಾಗಿದ್ದರಿಂದ ಸ್ಟೂಲಿನಿಂದ ಏಳುವಾಗ "ಅಯ್ಯಯ್ಯೋ," ಕೂರುವಾಗ "ಅಮ್ಮಯ್ಯೋ." ಕಾಯುವ ಜನ ಅವನಿಗೆ ಬಾಗಿಲಣ್ಣ ಎಂದು ಹೆಸರಿಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುತ್ತಾರಲ್ಲ, ಡಾಕ್ಟರು ಒಳಗೆ ಬನ್ನಿ ಎಂದರೂ ಅವನು ಬಿಡುತ್ತಿರಲಿಲ್ಲ.

"ಹೊರಗಿನ ತಿಂಡಿ ಒಳಗೆ ಹೋಗಲ್ಲಮ್ಮ. ರೂಲ್ಸು."

"ತಿಂಡಿ ಎಲ್ಲಣ್ಣ, ಬನ್ನು. ಇಷ್ಟೇ ಇಷ್ಟು. ಬೆಳಿಗ್ಗೆ ಇದೊಂದು ಹೊಟ್ಟೆಗೆ ಬೀಳ್ದಿದ್ರೆ ಅವರಿಗಾಗಲ್ಲ."

ಬಾಗಿಲಣ್ಣ ಬಟ್ಟೆ ಬಿಚ್ಚಿ ಮೂಸಿದ. "ಬೆಣ್ಣೆನಾ?"

"ಬೆಣ್ಣೆ, ಸಕ್ಕರೆ. ಈಗಷ್ಟೇ ಭಟ್ಟಿಯಿಂದ ತೆಗ್ದಿದ್ದು."

ಅವನ ಹುಳಿ ಮುಖ ಸ್ವಲ್ಪ ಸಡಿಲಾಯಿತು. "ನೋಡಿ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ತಗೊಳ್ತಿದೀನಿ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ನನ್ನ ಕೆಲಸಕ್ಕೆ ಕುತ್ತು."

"ನಾನ್ಯಾಕೆ ಹೇಳ್ಲಿ! ಆದ್ರೆ ಅಣ್ಣಾ, ಒಂದು ಚೂರೂ ಬಿಡ್ದೆ ಪೂರ್ತಿ ತಿನ್ಬೇಕು."

"ಒಂದು ಚೂರೂ ಬಿಡಲ್ಲ. ಆ ಜವಾಬ್ದಾರಿ ನಂದು."

ಆ ದಿನ ಸಂಜೆ ಆಕೆಯನ್ನು ಐದು ನಿಮಿಷ ಒಳಗೆ ಬಿಟ್ಟಿದ್ದರು. ಯಜಮಾನರು ಎಚ್ಚರವಾಗಿದ್ದರು. ಬಾಯಿ ಒಣಗಿತ್ತು, ಮಾತು ತೊದಲುತ್ತಿತ್ತು. ಬನ್ನಿನ ವಿಷಯ ಕೇಳೋಣವೆಂದರೆ ಪಕ್ಕದಲ್ಲೇ ಸಿಸ್ಟರ್ ನಿಂತಿದ್ದರು. ಬಾಗಿಲಣ್ಣನ ಕೆಲಸಕ್ಕೆ ಕುತ್ತು ತರುವುದು ಯಾಕೆ ಎಂದು ಸುಮ್ಮನಾದಳು. ಹೊರಗೆ ಬಂದು ಅವನನ್ನೇ ಕೇಳಿದಳು. "ಚಪ್ಪರಿಸ್ಕೊಂಡು ತಿಂದ್ರು," ಎಂದ ಬಾಗಿಲಣ್ಣ, ತುಟಿ ಒರೆಸಿಕೊಳ್ಳುತ್ತಾ.

ಮರುದಿನದಿಂದ ಒಳಗೆ ಹೋಗುವುದು ಮಗನ ಪಾಲಿಗೆ ಬಂತು. ದಿನಕ್ಕೆ ಒಬ್ಬರೇ ಎಂಬ ಕಟ್ಟಳೆ. ಅವನು ಹೊರಗೆ ಬಂದರೆ ಆಕೆ ಓಡಿಹೋಗಿ, "ಹೇಗಿದಾರೋ?" ಎನ್ನುವಳು. "ಮಲ್ಗಿದಾರಮ್ಮ. ಆರಾಮಾಗಿದಾರೆ," ಎನ್ನುವನು ಅವನು, ಆಕೆಯ ಮುಖ ಬಿಟ್ಟು ಗೋಡೆ ನೋಡುತ್ತಾ.

ಈ ಮನೆಯವರ ಒಂದು ಗುಣವೇ ಹಾಗೆ. ಒಬ್ಬರಿಗೆ ನೋವಾಗುತ್ತದೆಂದರೆ ಇನ್ನೊಬ್ಬರು ನಿಜವನ್ನು ಮುಚ್ಚಿಡುತ್ತಾರೆ. ಸೊಸೆ ಮಾಡಿದ ಕೇಕು ಸುಟ್ಟರೆ ಎಲ್ಲರೂ ಇನ್ನೊಂದು ತುಂಡು ಕೇಳಿ ಹಾಕಿಸಿಕೊಳ್ಳುತ್ತಾರೆ. ಪಾಪ, ಸೊಸೆಗೆ ತನ್ನ ಕೇಕು ಸುಡುತ್ತದೆ ಎಂದು ಇವತ್ತಿಗೂ ಗೊತ್ತಿಲ್ಲ. ಮಗನೂ ಹಾಗೇ ಮಾಡಿದ್ದ. ಎರಡನೆಯ ದಿನವೇ ಅಪ್ಪನಿಗೆ ವಾಂತಿಯಾಗಿ, ಮಂಪರು ಕವಿದು, ಬಿಪಿ ಜರ್ರನೆ ಇಳಿದಿತ್ತು. ಉಸಿರಾಟಕ್ಕೆಂದು ಗಂಟಲಿಗೆ ನಳಿಗೆ ಇಳಿಸಿದ್ದರು. ಅಮ್ಮ ಹೆದರುತ್ತಾಳೆ ಎಂದು ಅವನು ಇದನ್ನೆಲ್ಲ ನುಂಗಿಕೊಂಡಿದ್ದ.

ಆದರೆ ಹೆಂಗಸಿನ ಕಿವಿ ಸುಮ್ಮನಿರುತ್ತದೆಯೇ? ಮೂರನೆಯ ದಿನ ಮಗ ಮೆಟ್ಟಿಲ ಹತ್ತಿರ ಫೋನಿನಲ್ಲಿ, "ಬಿಪಿ ಮೇಲೇಳ್ತಾನೇ ಇಲ್ವಂತೆ, ಯಾಕೆ ಅಂತ ಡಾಕ್ಟರಿಗೂ ತಿಳೀತಿಲ್ಲ," ಎನ್ನುತ್ತಿದ್ದುದು ಬೇಕರಿಯಮ್ಮನಿಗೆ ಕೇಳಿಸಿತು. ಬಾಗಿಲಿಗೆ ಹೋದಳು. "ಅಣ್ಣಾ, ಇವತ್ತು ತಿಂದ್ರಾ?"

"ಪೂರ್ತಿ. ಕೈಗಂಟಿದ ಸಕ್ಕರೆ ಸಮೇತ."

ಮಾತ್ರೆ ಹೋಗುತ್ತಿದೆ, ಆದರೂ ಶಕ್ತಿ ಸಾಲುತ್ತಿಲ್ಲ. ಚಳಿಗಾಲದಲ್ಲಿ ಬೆರಳು ಬಾತಾಗ ಒಂದರ ಬದಲು ಎರಡು ಅರೆದು ಹಾಕುತ್ತಿದ್ದುದು ನೆನಪಾಯಿತು. ಇದು ಮೂಳೆ ಮುರಿದ ಮೈ. ಇದಕ್ಕೂ ಜಾಸ್ತಿಯೇ ಬೇಕು. ನಾಲ್ಕನೆಯ ದಿನದ ಬನ್ನಿಗೆ ಎರಡು ಮಾತ್ರೆ ಬಿತ್ತು.

ಬಾಗಿಲಣ್ಣ ಅಂದು ಸ್ಟೂಲಿನ ಮೇಲೆ ಇರಲಿಲ್ಲ. ಸ್ಟೂಲನ್ನು ಗೋಡೆಗೆ ಸರಿಸಿ, ಎರಡು ಕಾಲ ಮೇಲೆ ನೆಟ್ಟಗೆ ನಿಂತಿದ್ದ.

"ಏನಣ್ಣ, ಮಂಡಿ ವಾಸಿನಾ?"

"ಅದೇ ನಂಗೂ ಆಶ್ಚರ್ಯ ಕಣಮ್ಮ! ಎಂಟು ವರ್ಷದ ನೋವು, ಹೇಳ್ದೆ ಕೇಳ್ದೆ ಗಂಟು ಮೂಟೆ ಕಟ್ಕೊಂಡು ಹೋಯ್ತು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ಕೊಂಡು ಬಂದೆ, ಮೂರು ಮಹಡಿ. ನನ್ನ ಹೆಂಡ್ತಿ ಹೇಳ್ತಾಳೆ, ಏನ್ರೀ, ಮದುವೆ ಗಂಡಿನ ಥರ ಆಡ್ತಿದೀರಾ ಅಂತ."

"ಒಳ್ಳೇದಾಯ್ತು ಬಿಡಿ." ಒಬ್ಬರಿಗಾದರೂ ಒಳ್ಳೆಯದಾಗಲಿ ಎಂದು ಬೇಕರಿಯಮ್ಮ ಮನಸಾರೆ ಹಾರೈಸಿದಳು.

ಸಂಜೆ ಮಗನ ಕಣ್ಣು ಕೆಂಪಾಗಿತ್ತು. "ಆರಾಮಾಗಿದಾರೆ," ಎಂದ. ಐದನೆಯ ದಿನದ ಬನ್ನಿಗೆ ಮೂರು ಮಾತ್ರೆ. ಕಹಿ ಮರೆಮಾಡಲು ಸಕ್ಕರೆ ಎರಡರಷ್ಟು. ಬನ್ನಿನ ಹೊಟ್ಟೆ ಮುಚ್ಚಲೇ ಆಗುತ್ತಿರಲಿಲ್ಲ, ಬೆರಳಿನಿಂದ ಒತ್ತಿ ಮುಚ್ಚಿದಳು.

ಬಾಗಿಲಣ್ಣ ದೂರದಿಂದಲೇ ಕೈ ಚಾಚಿದ. ಅವನ ಕೆನ್ನೆ ಕೆಂಪೇರಿ, ಕಣ್ಣು ಫಳಫಳ ಹೊಳೆಯುತ್ತಿತ್ತು. "ಬನ್ನಿ ಅಮ್ಮ, ಬನ್ನಿ! ಇವತ್ತು ಸ್ವಲ್ಪ ದೊಡ್ಡದು ತಂದಿದೀರಾ? ಹಸಿವು ನೋಡಿ... ಅಂದ್ರೆ, ಅವರಿಗೆ. ನಂಗಂತೂ ಈಚೆಗೆ ಏನು ತಿಂದ್ರೂ ಸಾಲಲ್ಲ. ಸಿಸ್ಟರ್‌ಗಳ ಡಬ್ಬಿನೂ ಖಾಲಿ ಮಾಡ್ಬಿಟ್ಟೆ. ನಿದ್ದೆ ಅಂತೂ ಇಲ್ವೇ ಇಲ್ಲ. ಬೆಳಕು ಹರಿಯೋ ಹೊತ್ತಿಗೆ ಮನೆಗೆಲ್ಲ ಸುಣ್ಣ ಬಳಿದು ಮುಗಿಸಿದೆ. ಪಕ್ಕದ ಮನೆ ಗೋಡೆಗೂ ಒಂದು ಕೈ ಹೊಡೆದೆ."

ಆಕೆ ನಕ್ಕಳು. ಎಲ್ಲೋ ಯಾವುದೋ ನೆನಪು ಮಿಸುಕಾಡಿದಂತಾಯಿತು, ಆದರೆ ಅಷ್ಟರಲ್ಲಿ ಸೊಸೆ ಬಂದು ಕೈ ಹಿಡಿದಳು. "ಅತ್ತೆ, ಡಾಕ್ಟರು ಎಲ್ಲರನ್ನೂ ಕರೀತಿದಾರೆ."

ಅದು ಬಾಗಿಲ ಪಕ್ಕದ್ದೇ ಚಿಕ್ಕ ಕೋಣೆ. ಮೂರು ಕುರ್ಚಿ, ಒಂದು ಮೇಜು, ಹಜಾರದ ಕಡೆಗೆ ಒಂದು ಗಾಜಿನ ಕಿಟಕಿ. ಡಾಕ್ಟರಮ್ಮನಿಗೆ ಬೇಕರಿಯಮ್ಮನ ಸೊಸೆಯಷ್ಟು ವಯಸ್ಸು. ನಿದ್ದೆಗೆಟ್ಟು ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ನೇರವಾಗಿ ಹೇಳ್ತೀನಿ," ಎಂದರು. "ಬಿಪಿ ಏರಿಸೋ ಔಷಧಿ ಎಷ್ಟು ಕೊಟ್ರೂ ಮೈ ತಗೊಳ್ತಿಲ್ಲ. ಎಲ್ಲೂ ರಕ್ತ ಸೋರ್ತಿಲ್ಲ. ನಂಜು ಏರಿರೋ ಗುರುತೂ ಇಲ್ಲ. ರಕ್ತದಲ್ಲಿ ಸಕ್ಕರೆ ಕಮ್ಮಿ, ಉಪ್ಪಿನಂಶ ಕಮ್ಮಿ. ಹೀಗೇ ಇದ್ರೆ ನಾಳೆ ಸಂಜೆ ತನಕ ಇರ್ತಾರೆ ಅಂತ ನಾನು ಮಾತು ಕೊಡೋಕಾಗಲ್ಲ."

ಸೊಸೆ ಬಿಕ್ಕಿದಳು. ಬೇಕರಿಯಮ್ಮನಿಗೆ ಅಳು ಬರಲಿಲ್ಲ. ಲೆಕ್ಕ ತಪ್ಪಿದ್ದೆಲ್ಲಿ ಎಂಬ ಒಂದೇ ಯೋಚನೆ. ಇಷ್ಟು ಕೊಟ್ಟರೂ ಹೀಗೇಕೆ?

"ಡಾಕ್ಟರಮ್ಮ," ಎಂದಳು ಮೆಲ್ಲಗೆ, "ನಿನ್ನೆ ಬೆಳಿಗ್ಗೆ ಬನ್ನು ಪೂರ್ತಿ ತಿಂದ್ರಾ?"

"ಬನ್ನಾ?" ಡಾಕ್ಟರಮ್ಮ ಮಗನ ಕಡೆ ನೋಡಿದರು. "ನೀವು ಹೇಳಿಲ್ವಾ? ಮೂರು ದಿನದಿಂದ ಅವರ ಗಂಟಲಲ್ಲಿ ನಳಿಗೆ ಇದೆ ಅಮ್ಮ. ಅದಕ್ಕೂ ಮುಂಚೆ ನಾಲ್ಕು ಚಮಚ ನೀರು ಕುಡ್ಸಿದ್ದೇ ಹೆಚ್ಚು. ಬನ್ನು ತಿನ್ನೋದು ಹೇಗೆ?"

ಬೇಕರಿಯಮ್ಮ ಗಾಜಿನ ಕಡೆ ತಿರುಗಿದಳು. ಹಜಾರದಲ್ಲಿ ಬಾಗಿಲಣ್ಣ ಒಂದು ಆಮ್ಲಜನಕದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು, ಹಾಡು ಗುನುಗುತ್ತಾ, ಕುಣಿಯುವ ಹೆಜ್ಜೆಯಲ್ಲಿ ಹೋಗುತ್ತಿದ್ದ. ಇಬ್ಬರು ಆಳುಗಳು ಬಾಯಿ ಬಿಟ್ಟುಕೊಂಡು ಅವನ ಹಿಂದೆ ಬರುತ್ತಿದ್ದರು.

ಮೂರನೆಯ ದಿನ ಮೂಟೆ. ನಾಲ್ಕನೆಯ ದಿನ ಸೂರು. ಏಳು ಬನ್ನು. ಹಾಡು. ನಿದ್ದೆಯಿಲ್ಲ.

"ಅಯ್ಯೋ, ಬೇಲಿಯೇ ಎದ್ದು ಹೊಲ ಮೇಯ್ದಿದೆ!" ಎಂದು ಆಕೆ ಎದ್ದೇಬಿಟ್ಟಳು. "ನನ್ನ ಗಂಡನ ಮಾತ್ರೆ ಎಲ್ಲಾ ಆ ಮನುಷ್ಯನ ಹೊಟ್ಟೆಲಿದೆ!"

ಡಾಕ್ಟರಮ್ಮ ಮುಂದಕ್ಕೆ ಬಾಗಿದರು. "ಯಾವ ಮಾತ್ರೆ?"

ಮುಚ್ಚಿಡಲು ಇನ್ನೇನಿತ್ತು? ಕೈಚೀಲದ ತಳದಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ ಹೆಸರು ಓದಿದರು. ಅವರ ಕುರ್ಚಿ ಹಿಂದಕ್ಕೆ ಜಾರಿತು. "ಎಷ್ಟು ದಿನದಿಂದ?"

"ಹನ್ನೊಂದು..."

"ಹನ್ನೊಂದು ದಿನ?"

"ವರ್ಷ."

ಡಾಕ್ಟರಮ್ಮ ಆಗಲೇ ಬಾಗಿಲಾಚೆ ಇದ್ದರು. "ಸಿಸ್ಟರ್! ಒಂದು ರಕ್ತದ ಮಾದರಿ ತೆಗೀರಿ. ರಿಪೋರ್ಟಿಗೆ ಕಾಯೋದು ಬೇಡ. ಸ್ಟೆರಾಯ್ಡ್ ಇಂಜೆಕ್ಷನ್ ಈಗಲೇ, ಈ ಕ್ಷಣ!"

ಕೋಣೆಯಲ್ಲಿ ಮೂವರೇ ಉಳಿದರು.

"ಅಮ್ಮಾ," ಎಂದ ಮಗ. "ಅಪ್ಪನಿಗೆ ಗೊತ್ತಿಲ್ದೆ? ಹನ್ನೊಂದು ವರ್ಷ? ಅಷ್ಟು ದೊಡ್ಡ ವಿಷಯ ಮುಚ್ಚಿಟ್ಯಾ?"

"ನೀನು? ಅಪ್ಪನ ಗಂಟಲಲ್ಲಿ ನಳಿಗೆ ಇಟ್ಕೊಂಡು ಆರಾಮಾಗಿದಾರೆ ಅಂದ್ಯಲ್ಲೋ! ಅದೊಂದು ಮಾತು ಹೇಳಿದ್ರೆ ಮೂರು ದಿನದ ಹಿಂದೆಯೇ ಈ ಬನ್ನಿನ ಕಥೆ ಹೊರಗೆ ಬರ್ತಿತ್ತು."

"ನೀವು ಹೆದರ್ತೀರಾ ಅಂತ ಅತ್ತೆ..." ಎಂದಳು ಸೊಸೆ.

"ಹೆದರ್ಸಿ ಇನ್ಮೇಲೆ! ಈ ಮನೇಲಿ ಎಲ್ಲರೂ ಎಲ್ಲರನ್ನೂ ಹೆದರ್ಸಿ!" ಎಂದು ಬೇಕರಿಯಮ್ಮ ಕುರ್ಚಿಯಲ್ಲಿ ಕುಸಿದಳು. ಐದು ದಿನದಿಂದ ತಡೆದಿದ್ದ ಅಳು ಆಗ ಬಂತು. ಗಂಡನನ್ನು ಕಾಪಾಡುತ್ತೇನೆಂದು ಹೊರಟು ಬಾಗಿಲು ಕಾಯುವವನನ್ನು ಕೊಬ್ಬಿಸಿದೆನಲ್ಲಾ ಎಂದು ನೆನೆದರೆ, ಅಳುವಿನ ನಡುವೆಯೇ ನಗುವೂ ಬಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನದ ತನಕ ಮೂವರೂ ಹಜಾರದ ಬೆಂಚು ಬಿಟ್ಟು ಏಳಲಿಲ್ಲ. ಎರಡು ಗಂಟೆಗೆ ಡಾಕ್ಟರಮ್ಮ ಹೊರಬಂದು ಬೇಕರಿಯಮ್ಮನ ಪಕ್ಕದಲ್ಲೇ ಕುಳಿತರು.

"ಬಿಪಿ ಏರ್ತಿದೆ," ಎಂದರು. "ಅದನ್ನ ಏರಿಸೋ ಔಷಧಿ ಅರ್ಧಕ್ಕೆ ಇಳಿಸಿದೀವಿ."

ಮಗ ಗೋಡೆಗೆ ಹಣೆ ಆನಿಸಿದ. ಡಾಕ್ಟರಮ್ಮ ಬೇಕರಿಯಮ್ಮನ ಕಡೆ ತಿರುಗಿ ಬಿಡಿಸಿ ಹೇಳಿದರು. ಎರಡು ಮೂತ್ರಪಿಂಡದ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಎರಡು ಪುಟ್ಟ ಗ್ರಂಥಿಗಳಿವೆ. ಮೈಗೆ ಪೆಟ್ಟು ಬಿದ್ದಾಗ, ಜ್ವರ ಬಂದಾಗ, ಕತ್ತರಿಸಿ ಹೊಲಿದಾಗ, ಬಿಪಿ ಬೀಳದಂತೆ ಹಿಡಿದು ನಿಲ್ಲಿಸುವ ರಸ ಅಲ್ಲೇ ತಯಾರಾಗುವುದು. ಈ ಮಾತ್ರೆ ಅದೇ ರಸದ ತಮ್ಮ. ಹೊರಗಿನಿಂದ ದಿನಾ ಬರುತ್ತಿದ್ದರೆ ಗ್ರಂಥಿಗಳು, ನಮಗೇನು ಕೆಲಸ ಎಂದು ಮಲಗಿಬಿಡುತ್ತವೆ. ಮಾತ್ರೆ ಥಟ್ಟನೆ ನಿಂತು, ಅದೇ ಹೊತ್ತಿಗೆ ಮೂಳೆಯೂ ಮುರಿದರೆ, ಎಬ್ಬಿಸಿದರೂ ಏಳುವುದಿಲ್ಲ.

"ಗೊತ್ತಾಯ್ತು," ಎಂದಳು ಬೇಕರಿಯಮ್ಮ. "ಅಂಗಡಿಯಿಂದ ಈಸ್ಟ್ ತಂದು ಹಾಕ್ತಾ ಹೋದ್ರೆ, ಮನೇಲಿ ಜಾಡಿಲಿರೋ ಹುಳಿಹಿಟ್ಟು ಸತ್ತೇ ಹೋಗುತ್ತೆ. ಆಮೇಲೊಂದು ದಿನ ಈಸ್ಟ್ ಸಿಗ್ಲಿಲ್ಲ ಅಂದ್ರೆ ಹಿಟ್ಟು ಬಂಡೆ ಥರ ಬಿದ್ದಿರುತ್ತೆ."

"ನಾನು ಪಾಠ ಮಾಡುವಾಗ ಇದನ್ನೇ ಹೇಳ್ತೀನಿ ಇನ್ಮೇಲೆ," ಎಂದರು ಡಾಕ್ಟರಮ್ಮ. ಮರುಕ್ಷಣ ದನಿ ಗಟ್ಟಿಯಾಯಿತು. "ಆದ್ರೆ ನೀವು ಮಾಡಿದ್ದು ದೊಡ್ಡ ತಪ್ಪು. ನಾನು ಕೇಳ್ದಾಗ ಹೇಳಿದ್ರೆ ಈ ಐದು ದಿನ ಇರ್ತಾನೇ ಇರ್ಲಿಲ್ಲ."

ಆಕೆ ತಲೆ ತಗ್ಗಿಸಿದಳು. ಈ ಸಲ ನಗು ತಡೆಯುವುದಕ್ಕಲ್ಲ.

ಬಾಗಿಲಣ್ಣನ ವಿಚಾರಣೆ ಅಲ್ಲೇ ಹಜಾರದಲ್ಲಿ ನಡೆಯಿತು. "ಅವರಿಗೆ ತಿನ್ನೋಕೆ ಆಗ್ತಿರ್ಲಿಲ್ಲ ಡಾಕ್ಟ್ರೇ, ಬಿಸಾಡೋಕೆ ಮನಸ್ಸು ಬರ್ಲಿಲ್ಲ. ಈ ಅಮ್ಮನ ಮುಖ ನೋಡಿ, ತಿನ್ಲಿಲ್ಲ ಅಂತ ಹೇಳೋಕೂ ನಾಲಿಗೆ ಏಳ್ಲಿಲ್ಲ," ಎಂದ. ಅಲ್ಲಿ ಮಾತ್ರೆಯಿತ್ತು ಎಂದು ತಿಳಿದಾಗ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ನಂಗೇನಾದ್ರೂ ಆಗುತ್ತಾ?"

"ಐದು ದಿನಕ್ಕೆ ಏನಾಗಲ್ಲ. ಸಕ್ಕರೆ ಪರೀಕ್ಷೆ ಮಾಡ್ಸಿ. ನಾಳೆ ಮೇಲ್ವಿಚಾರಕರನ್ನ ನೋಡಿ, ಅಲ್ಲಿ ಆಗೋದು ಬೇರೆ."

"ಅದಾಯ್ತು," ಎಂದು ಬಾಗಿಲಣ್ಣ ದನಿ ತಗ್ಗಿಸಿದ. "ಮಂಡಿ?"

"ಮತ್ತೆ ನೋಯುತ್ತೆ."

ಅವನು ಬೇಕರಿಯಮ್ಮನ ಕಡೆ ನೋಡಿದ ನೋಟದಲ್ಲಿ ತಪ್ಪಿಗಿಂತ ಆಸೆಯೇ ಹೆಚ್ಚಿತ್ತು. "ನನ್ನ ಮುಖ ನೋಡ್ಬೇಡಪ್ಪಾ," ಎಂದಳು ಆಕೆ. "ಹೋಗಿ ಡಾಕ್ಟರಿಗೆ ತೋರಿಸು. ಮಾತ್ರೆನ ಹೆಂಡತಿ ಕೈಲಿ ಮಾತ್ರ ತರಿಸ್ಕೋಬೇಡ."

ಇಂಜೆಕ್ಷನ್ ಕೊಟ್ಟ ಮೂರನೆಯ ದಿನ ಯಜಮಾನರ ಗಂಟಲಿನ ನಳಿಗೆ ಹೊರಬಂತು. ಐದನೆಯ ದಿನಕ್ಕೆ ವಾರ್ಡಿಗೆ ಬಂದು, ದಿಂಬಿಗೊರಗಿ ಕುಳಿತು ಸಿಸ್ಟರಿಗೆ ಬ್ರೆಡ್ಡು ಕೊಯ್ಯುವುದು ಹೇಗೆಂದು ಹೇಳಿಕೊಡುವಷ್ಟಾದರು. ಆಗ ಡಾಕ್ಟರಮ್ಮ ಬೇಕರಿಯಮ್ಮನನ್ನು ಕರೆದರು. "ಇಂಜೆಕ್ಷನ್ ಸಾಕು, ಇವತ್ತಿಂದ ಮಾತ್ರೆ. ಗ್ರಂಥಿ ಎದ್ದರೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸ್ತಾ ಬರೋಣ, ಏಳ್ದಿದ್ರೆ ಕೊನೇ ತನಕ. ಅವರಿಗೆ ಗೊತ್ತಿರ್ಬೇಕು. ನಾಳೆ ಇನ್ನೆಲ್ಲೋ ಬಿದ್ದು, ನೀವು ಪಕ್ಕದಲ್ಲಿಲ್ದೆ ಹೋದ್ರೆ, ಅವರ ಬಾಯಿಂದಲೇ ಈ ಮಾತು ಬರ್ಬೇಕು. ನಾನು ಹೇಳ್ಲಾ, ನೀವು ಹೇಳ್ತೀರಾ?"

"ಹಾಕ್ದೋಳು ನಾನು. ನಾನೇ ಹೇಳ್ತೀನಿ."

ಹಾಸಿಗೆಯ ಪಕ್ಕದಲ್ಲಿ ನಿಂತು, ಕಬ್ಬಿಣದ ಸರಳು ಹಿಡಿದು, ಒಂದೇ ಉಸಿರಿಗೆ ಹೇಳಿದಳು. ಬೆರಳು ಬಾತದ್ದು, ಕಸದ ಬುಟ್ಟಿ, ಚಮಚದ ಬೆನ್ನು, ಬಾಗಿಲಣ್ಣ, ಎಲ್ಲ.

ಯಜಮಾನರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಕಿಟಕಿಯಾಚೆ ಇದ್ದದ್ದು ನೀರಿನ ಟ್ಯಾಂಕು. ಅದನ್ನು ಅರ್ಧ ಗಂಟೆ ನೋಡಿದರು.

"ಅಂದ್ರೆ," ಎಂದರು ಕೊನೆಗೆ, ಟ್ಯಾಂಕಿಗೆ ಹೇಳುವವರಂತೆ, "ಹನ್ನೊಂದು ವರ್ಷ ನಾನು ಊರಿಗೆಲ್ಲ ಸುಳ್ಳು ಹೇಳ್ಕೊಂಡು ಬಂದೆ."

"ನೀವು ಹೇಳಿದ್ದು ಸುಳ್ಳಲ್ಲ. ನಿಮಗೆ ಗೊತ್ತಿರ್ಲಿಲ್ಲ. ಸುಳ್ಳು ನಂದು."

"ನೀನು ಪಕ್ಕದಲ್ಲೇ ಬಿಸ್ಕತ್ತು ಜೋಡಿಸ್ಕೊಂಡು ಕೇಳ್ತಿದ್ದೆ."

"ಕೇಳ್ತಿದ್ದೆ."

"ನಗು ಬರ್ತಿರ್ಲಿಲ್ವೇನೇ?"

ಆಕೆ ಸರಳನ್ನು ಬಿಗಿಯಾಗಿ ಹಿಡಿದಳು. "ಬರ್ತಿತ್ತು ರೀ."

ಅವರ ಹೊಟ್ಟೆ ಕುಲುಕಿತು. ಮುರಿದ ಪಕ್ಕೆಲುಬು ಚುಚ್ಚಿ, "ಹಾ!" ಎಂದರು. "ನಗಿಸ್ಬೇಡ. ನಾನು ಸಿಟ್ಟಾಗಿದೀನಿ. ಗಂಡಸಿನ ಕೈಗೆ ಶಕ್ತಿ ಬಂದಿದ್ದು ಬ್ರೆಡ್ಡಿಂದ ಅಂದ್ಕೊಂಡಿದ್ದೆ. ಕಳ್ಳಿ."

ಸಿಸ್ಟರ್ ಚಿಕ್ಕ ಬಟ್ಟಲಿನಲ್ಲಿ ಮಾತ್ರೆ ತಂದರು. ಯಜಮಾನರು ಅದನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದರು. ಇಷ್ಟಕ್ಕೆ ಇಷ್ಟೆಲ್ಲವೇ ಎಂಬಂತೆ ಹೆಂಡತಿಯನ್ನು ನೋಡಿದರು. ಆಮೇಲೆ ಬಾಯಿಗೆ ಹಾಕಿಕೊಂಡು ಕಟಕಟ ಅಗಿದರು. ಮುಖ ಹಿಂಡಿದ ನಿಂಬೆಯಾಯಿತು. ಥೂ ಎಂದು ಉಗುಳಿದರು.

"ಅಗೀಬಾರ್ದು!" ಎಂದರು ಸಿಸ್ಟರ್.

"ಮತ್ತೆ?"

ಸಿಸ್ಟರ್ ಬೇಕರಿಯಮ್ಮನ ಮುಖ ನೋಡಿದರು. ಎಪ್ಪತ್ತೊಂದು ವರ್ಷದ ಮನುಷ್ಯನಿಗೆ ಮಾತ್ರೆ ನುಂಗುವುದು ಹೇಗೆಂದು ಗೊತ್ತಿರಲಿಲ್ಲ. ಎರಡನೆಯ ಮಾತ್ರೆಯನ್ನು ನೀರಿನ ಜೊತೆ ಹಾಕಿಕೊಂಡರು. ನೀರು ಹೊಟ್ಟೆಗೆ ಹೋಯಿತು, ಮಾತ್ರೆ ನಾಲಿಗೆಯ ಮೇಲೇ ಉಳಿಯಿತು. ಕೆಮ್ಮು ಬಂದು ಅದು ಪಕ್ಕದ ಹಾಸಿಗೆಯವನ ಕಂಬಳಿಯ ಮೇಲೆ ಬಿತ್ತು. ಪಕ್ಕದವನು ಮೂಳೆಗೆ ಕಟ್ಟು ಹಾಕಿಸಿಕೊಂಡಿದ್ದ ಲಾರಿ ಡ್ರೈವರು. "ಅಜ್ಜಾ, ಹಿಂದಕ್ಕೆ ಎಸೀರಿ, ಲಾರಿಗೆ ಮೂಟೆ ಎಸೆದ ಹಾಗೆ," ಎಂದು ಸಲಹೆ ಕೊಟ್ಟ.

"ಬನ್ನಲ್ಲಿಟ್ಟು ಕೊಡೇ," ಎಂದರು ಯಜಮಾನರು ಮೆಲ್ಲಗೆ, ಮಗುವಿನ ಹಾಗೆ. "ಅಭ್ಯಾಸ ಇದೆ."

ಕೊಡಲು ಎಷ್ಟು ಹೊತ್ತು? ಆದರೂ ಬೇಕರಿಯಮ್ಮ ತಲೆ ಅಲ್ಲಾಡಿಸಿದಳು. "ಇಲ್ಲ. ಕಣ್ಣು ಬಿಟ್ಕೊಂಡು ನೀವೇ ನುಂಗ್ಬೇಕು."

ಮೂರನೆಯ ಮಾತ್ರೆ ಬಂತು. ಆಕೆ ಅವರ ಗಲ್ಲ ಹಿಡಿದು ಎತ್ತಿದಳು, ಲೋಟ ತುಟಿಗಿಟ್ಟಳು. ಗುಟುಕು. ಇನ್ನೊಂದು ಗುಟುಕು. ಲಾರಿ ಡ್ರೈವರು ಮೊಣಕೈ ಊರಿ ಎದ್ದು ನೋಡುತ್ತಿದ್ದ.

"ಹೋಯ್ತು," ಎಂದರು ಯಜಮಾನರು ಜಂಬದಿಂದ.

"ಬಾಯಿ ತೆಗೀರಿ."

"ನಂಬಲ್ವೇನೇ? ನನ್ನನ್ನ?"

"ತೆಗೀರಿ ಅಂದೆ."

ತೆಗೆದರು. ನಾಲಿಗೆಯ ಮೇಲೇನೂ ಇರಲಿಲ್ಲ.

"ನಾಲಿಗೆ ಎತ್ತಿ."

ಯಜಮಾನರು ಸ್ವಲ್ಪ ಹೊತ್ತು ಹೆಂಡತಿಯ ಮುಖ ನೋಡಿದರು. ಆಮೇಲೆ ನಾಲಿಗೆ ಎತ್ತಿದರು. ಕೆಳಗೆ ಮಾತ್ರೆ ಬೆಳ್ಳಗೆ, ಒಂದು ಮೂಲೆಯೂ ಸವೆಯದೆ ಕೂತಿತ್ತು.

"ಕಳ್ಳ," ಎಂದಳು ಬೇಕರಿಯಮ್ಮ, ಮತ್ತೆ ಲೋಟ ಎತ್ತಿದಳು.